ಅಡುಗೆಯವರು ಬೇಕು, ಒಂದು ಎಲೆಗೆ

ಐನೂರು ಎಲೆಗೆ ಸಾರು ಮಾಡು ಎಂದರೆ ನಾನು ಇವತ್ತಿಗೂ ಹೆದರುವವಳಲ್ಲ. ಉಪ್ಪನ್ನು ಬೊಗಸೆಯಲ್ಲಿ ತುಂಬಿ ಕಣ್ಣುಮುಚ್ಚಿ ಹಾಕುತ್ತೇನೆ, ಸರಿಯಾಗಿಯೇ ಬೀಳುತ್ತದೆ. ಒಂದು ಎಲೆಗೆ ಮಾಡು ಎಂದರೆ ಮಾತ್ರ ಕೈ ಓಡುವುದಿಲ್ಲ. ಎರಡು ಬೆರಳಲ್ಲಿ ಉಪ್ಪು ಹಿಡಿಯುವುದು ಅಡುಗೆಯೇ ಅಲ್ಲ, ಮಗುವಿಗೆ ಔಷಧಿ ತೇಯುವ ಕೆಲಸ. ಮದುವೆ ಮನೆಗಳಲ್ಲಿ ಬೇಯಿಸಿ ಬೇಯಿಸಿ ಮುದುಕಿಯಾದವಳಿಗೆ ಕೊನೆಗೆ ಉಳಿದದ್ದು ಅದು. ಗಂಡ ಹೋಗಿ ಬಹಳ ಕಾಲವಾಯಿತು. ಮಕ್ಕಳಾಗಲಿಲ್ಲ. ಅಯ್ಯೋ ಅನ್ನಲಿ ಎಂದು ಹೇಳುತ್ತಿಲ್ಲ. ನನ್ನ ಮನೆಯಲ್ಲಿ ದಿನಾ ಸಾರು ಯಾಕೆ ಮಿಗುತ್ತದೆ ಎಂದು ತಿಳಿಯಲಿ, ಅಷ್ಟೆ.

ಮಂಡಿ ಕೈಕೊಟ್ಟ ಮೇಲೆ ಕಾರ್ಯಗಳಿಗೆ ಹೋಗುವುದು ಬಿಟ್ಟೆ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ ನನ್ನದು. ಮುಂದಿನ ಕೋಣೆಯನ್ನು ಸುಧಾ ಎಂಬ ಹುಡುಗಿಗೆ ಬಾಡಿಗೆಗೆ ಕೊಟ್ಟೆ. ಅವಳು ಕಂಪ್ಯೂಟರ್ ತಂದಿಟ್ಟು ಇಂಟರ್ನೆಟ್ ಅಂಗಡಿ ಮಾಡಿದಳು. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನಗೆ ಇಂಟರ್ನೆಟ್ ಏನು ತಿಳಿಯಬೇಕು. ತಿಳಿದದ್ದು ಇಷ್ಟೆ: ಆ ಕೋಣೆಗೆ ಜನ ಬರುತ್ತಾರೆ, ಗೋಡೆ ಕಡೆ ಮುಖ ಮಾಡಿ ಕೂರುತ್ತಾರೆ, ಎದ್ದು ಹೋಗುತ್ತಾರೆ. ಇಡೀ ದಿನದಲ್ಲಿ ಒಬ್ಬರೂ ಈ ಕಡೆ ತಿರುಗುವುದಿಲ್ಲ.

ಸುಧಾ ಮಾತ್ರ ತಿರುಗಿದಳು. ನಮ್ಮ ಕಡೆಯ ಮದುವೆ ಊಟದ ಮೇಲೆ ಒಂದು ವೆಬ್‌ಸೈಟು ಮಾಡಿದಳು. ಊಟ ಬಿಟ್ಟು ಅದರಲ್ಲಿ ಬೇರೆ ಏನೂ ಇಲ್ಲ. ಹೂರಣ ಯಾಕೆ ನೀರಾಗುತ್ತದೆ, ಬೀಗರೂಟದ ಮುದ್ದೆ ಯಾಕೆ ಬಿರಿಯುತ್ತದೆ ಎಂದು ನನ್ನನ್ನು ಕೇಳುವಳು, ಟಕಟಕ ಹೊಡೆಯುವಳು. ಎಲ್ಲೆಲ್ಲೋ ಇರುವ ನಮ್ಮ ಕಡೆಯವರು ಓದಿ ಅವಳಿಗೆ ಬರೆಯುತ್ತಿದ್ದರು. ಚೆನ್ನಾಗಿದೆ, ಆದರೆ ಬಂದು ಮಾಡುವವರು ಯಾರು ಎಂದು ಎಲ್ಲರದ್ದೂ ಒಂದೇ ಪ್ರಶ್ನೆ. ಆಗ ಅವಳ ತಲೆಗೆ ಹೊಳೆದದ್ದು ಆ ವೆಬ್‌ಸೈಟಿನಲ್ಲೇ ಒಂದು ಕೆಲಸದ ಬೋರ್ಡು. ಅಡುಗೆಯವರು ಬೇಕಾದವರು ದಿನ, ಊರು, ಎಷ್ಟು ಎಲೆ ಎಂದು ಹಾಕುವುದು. ಅಡುಗೆಯವರು ಹೆಸರು, ಊರು, ಯಾವ ಅಡುಗೆಯಲ್ಲಿ ಕೈ ಪಳಗಿದೆ ಎಂದು ಹಾಕುವುದು.

ಮಾಡು ಮಾಡು ಎಂದೆ. ಲೋಕಕ್ಕೆ ಉಪಕಾರವಾಗಲಿ ಎಂದಲ್ಲ. ಅಡುಗೆಯವರು ಗೋಡೆ ನೋಡುವ ಜನವಲ್ಲ. ಬಂದರೆ ಕೂರುತ್ತಾರೆ, ಕೂತರೆ ಯಾವ ಮನೆಯ ತುಪ್ಪ ಕಮಟಿತ್ತು ಎಂದು ಹೇಳದೆ ಏಳುವುದಿಲ್ಲ. ನನಗೆ ಜಗಲಿಯ ಮೇಲೆ ಜನ ಬೇಕಿತ್ತು.

ಬೋರ್ಡೇನೋ ಶುರುವಾಯಿತು. ಎಲೆ ಹಾಸಿ ನೀರು ಚಿಮುಕಿಸಿದ ಪಂಕ್ತಿಗೆ ಜನವೇ ಬಾರದ ಹಾಗಾಯಿತು. ಖಾಲಿ ಬೋರ್ಡನ್ನು ಯಾರೂ ನೋಡುವುದಿಲ್ಲ, ಮೊದಲು ಅಡುಗೆಯವರ ಹೆಸರಾದರೂ ತುಂಬಿರಬೇಕು ಎಂದಳು ಸುಧಾ. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಬಸ್ಸು ಹತ್ತಿದೆ. ಬೇಲೂರು, ಅರೇಹಳ್ಳಿ, ಗೆಂಡೆಹಳ್ಳಿ, ಹಗರೆ. ಒಲೆ ಮುಂದೆ ನನ್ನ ಬೈಗುಳ ತಿಂದವರು ಎಲ್ಲ ಕಡೆಯೂ ಇದ್ದರು. ಹೆಸರು ಕೊಡಿ ಎಂದರೆ ಕೊಟ್ಟರು.

ಹಳೇಬೀಡಿನಲ್ಲಿ ಬಸ್ಸು ತಡವೆಂದು ದೇವಸ್ಥಾನದ ನೆರಳಿಗೆ ಹೋಗಿ ಕೂತೆ. ಅಲ್ಲಿ ಗೈಡು ಸ್ಕೂಲು ಮಕ್ಕಳಿಗೆ ಹೇಳುತ್ತಿದ್ದ: ಕೆತ್ತಿದವರು ಕೆಲವು ಬೊಂಬೆಗಳ ಕೆಳಗೆ ತಮ್ಮ ಹೆಸರು, ಊರು, ಬಿರುದು ಎಲ್ಲ ಕೊರೆದಿದ್ದಾರಂತೆ. ಮಕ್ಕಳು ಆಕಳಿಸಿದವು. ನನಗೆ ಮಾತ್ರ ಇದು ಸುಧಾಳ ಬೋರ್ಡೇ ಅನ್ನಿಸಿತು. ಇಲ್ಲದಿದ್ದರೆ ಮುಂದಿನ ಗುಡಿ ಕಟ್ಟಿಸುವವನಿಗೆ ಯಾರನ್ನು ಕರೆಯಬೇಕೆಂದು ಹೇಗೆ ತಿಳಿಯಬೇಕು? ಎದ್ದು ಒಂದು ಸುತ್ತು ಬಂದೆ. ಕುಣಿಯುವವಳು, ಮದ್ದಳೆ ಬಾರಿಸುವವಳು, ಸಿಂಗಾರ ಮಾಡಿಕೊಳ್ಳುವವಳು, ಎಲ್ಲರೂ ಇದ್ದಾರೆ. ಸೌಟು ಹಿಡಿದವಳು ನನ್ನ ಕಣ್ಣಿಗೆ ಬೀಳಲಿಲ್ಲ. ಅಷ್ಟು ಜನ ಕಲ್ಲುಕುಟಿಗರಿಗೆ ಅಷ್ಟು ವರ್ಷ ಬೇಯಿಸಿ ಹಾಕಿದವಳು ಇದ್ದೇ ಇರಬೇಕಲ್ಲ. ಅವಳಿಗೆ ಕೊರೆದುಕೊಳ್ಳಲು ಕಲ್ಲು ಸಿಗಲಿಲ್ಲ. ಊರಿಗೆ ಬಂದು ಸುಧಾಳಿಗೆ ಹೇಳಿದೆ. ಅವಳು ಬೋರ್ಡಿನ ತಲೆಯಲ್ಲಿ ಗೌರಮ್ಮ, ಅರಸೀಕೆರೆ ಎಂದು ನನ್ನ ಹೆಸರನ್ನೇ ಹೊಡೆದಳು. ಕೆಲಸಕ್ಕೆ ಬರುವುದಿಲ್ಲ ಅಂತಲೂ ಹಾಕು ಎಂದೆ.

ಮೊದಲ ಕೆಲಸ ಬೇಲೂರಿನ ಒಂದು ಗೃಹಪ್ರವೇಶ. ಅದನ್ನು ಹಗರೆಯ ಪುಟ್ಟತಾಯಿಗೆ ಒಪ್ಪಿಸಿದ್ದಾಯಿತು. ನನ್ನ ಪಕ್ಕದ ಒಲೆಯಲ್ಲೇ ಹೊಗೆ ಕುಡಿದು ತಲೆ ಬೆಳ್ಳಗಾದವಳು. ಸುಧಾ ಫೋನು ಮಾಡಿ ಕೇಳಿದಾಗ ಆಯ್ತು ಎಂದಿದ್ದಳು. ಆ ದಿನ ಬಂದರೆ ಪುಟ್ಟತಾಯಿ ಇಲ್ಲ. ಮನೆಯವರು ಹೋಟೆಲಿನಿಂದ ಊಟ ತರಿಸಿ ಸುಧಾಳಿಗೆ ಬಾಯಿಗೆ ಬಂದಂತೆ ಅಂದರು. ಅವಳು ಮೂಗೊರೆಸಿಕೊಂಡು, ಬೋರ್ಡು ಮುಚ್ಚಿಬಿಡ್ತೀನಿ ಅಜ್ಜಿ ಎಂದಳು. ಬೋರ್ಡು ಹೋದರೆ ನನ್ನ ಜಗಲಿಯೂ ಹೋಯಿತು. ಮಾರನೆಯ ದಿನವೇ ಹಗರೆಗೆ ಹೋದೆ. ಪುಟ್ಟತಾಯಿ ಹಸುವಿಗೆ ಹಿಂಡಿ ಕಲಸುತ್ತಿದ್ದಳು.

"ಬೇಲೂರಿಗೆ ಯಾಕೆ ಹೋಗ್ಲಿಲ್ಲ? ಆಯ್ತು ಅಂದಿದ್ಯಂತೆ," ಎಂದೆ.

"ಅಂದೆ. ವೀಳ್ಯ ಯಾರು ಕೊಟ್ರು?" ಎಂದಳು, ಕೈ ನಿಲ್ಲಿಸದೆ. "ವೀಳ್ಯ ಹಿಡೀದೆ ಯಾವ ಕಾರ್ಯಕ್ಕೆ ಹೋಗಿದೀವಿ ನಾವು? ನೀನೇ ಹೇಳ್ಕೊಟ್ಟಿದ್ದು ಕಣಕ್ಕ. ಈಗ ಮಿಷಿನ್ ಪಕ್ಕ ಕೂತು ಮರ್ತೋಯ್ತಾ?"

ಮರೆತೇ ಹೋಗಿತ್ತು. ನಮ್ಮ ಕಸುಬಿನಲ್ಲಿ ಮನೆಯವರು ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ನಾಣ್ಯ ಇಟ್ಟು ಕೈಗೆ ಕೊಡಬೇಕು. ಅಲ್ಲಿಯತನಕ ಆಡಿದ್ದೆಲ್ಲ ಬರೀ ಮಾತು. ಒಮ್ಮೆ ಹಿಡಿದ ಮೇಲೆ ಮೈಮೇಲೆ ಜ್ವರ ಇದ್ದರೂ ಹೋಗಲೇಬೇಕು. ತಪ್ಪಿಸಿದವಳನ್ನು ಮತ್ತೆ ಯಾರೂ ಕರೆಯುವುದಿಲ್ಲ.

ವೀಳ್ಯ ನಾನು ಕೊಡುತ್ತೇನೆ, ಮನೆಯವರ ಪರವಾಗಿ ಎಂದು ಸುಧಾಳಿಗೆ ಹೇಳಿದೆ. ಕಂಪ್ಯೂಟರಿಗೂ ವೀಳ್ಯಕ್ಕೂ ಏನು ಸಂಬಂಧ ಎಂದು ಮೊದಲು ನಕ್ಕಳು. ಆಮೇಲೆ ನಗಲಿಲ್ಲ. ಬೋರ್ಡಿನಲ್ಲಿ ಕೆಲಸ ಸಿಕ್ಕವರು ನಮ್ಮ ಜಗಲಿಗೆ ಬಂದು ನನ್ನ ಕೈಯಿಂದ ವೀಳ್ಯ ಹಿಡಿದು ಹೋಗತೊಡಗಿದರು. ಒಬ್ಬರೂ ತಪ್ಪಿಸಲಿಲ್ಲ. ಅದು ಬಾಯಿಂದ ಬಾಯಿಗೆ ಹೋಗಿ ಬೋರ್ಡು ಬೆಳೆಯಿತು. ನಾನು ಲೆಕ್ಕಕ್ಕೆ ಸಿಗದಷ್ಟು ಕಾಫಿ ಕಾಯಿಸಿದೆ. ಮಿಕ್ಕ ಸಾರನ್ನು ಯಾರಾದರೂ ಉಂಡು, ಹುಳಿ ಮುಂದಾಯಿತು ಎಂದು ಬೈದು ಹೋಗುತ್ತಿದ್ದರು. ಬೈಸಿಕೊಂಡು ಊಟ ಮಾಡುವ ಸುಖ ಒಬ್ಬಂಟಿಯಾಗಿ ಉಂಡವರಿಗೇ ಗೊತ್ತು.

ಹೀಗೆ ಕೆಲವು ವರ್ಷ. ಆಮೇಲೆ ಎಲ್ಲರ ಸೆರಗಿನ ಗಂಟಿಗೂ ಮೊಬೈಲು ಬಂತು. ಸುಧಾ ಬಸ್‌ಸ್ಟ್ಯಾಂಡಿನ ಹತ್ತಿರ ದೊಡ್ಡ ಅಂಗಡಿ ಹಿಡಿದಳು. ಹೋಗುವಾಗ ಮೆಲ್ಲಗೆ ಹೇಳಿದಳು: "ಅಜ್ಜಿ, ವೀಳ್ಯ ಇನ್ನು ಬೇಡ. ನಮ್ಮ ಬೋರ್ಡಲ್ಲಿ ಬಂದ್ರೆ ಈಗ ಯಾರೂ ತಪ್ಪಿಸಲ್ಲ. ಅದೇ ವೀಳ್ಯ ಇದ್ದ ಹಾಗೆ."

ನಿಜವೇ. ಆ ನಂಬಿಕೆ ಬರಲಿ ಎಂದೇ ಅಷ್ಟು ದಿನ ಕೂತದ್ದು. ಬಂದೇಬಿಟ್ಟರೆ ನಾನು ಏಳಬೇಕಾಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಮುಂದಿನ ಕೋಣೆಗೆ ಸಿಮೆಂಟು ಮೂಟೆ ಇಡುವವರು ಬಂದರು. ಮೂಟೆಗಳು ಗೋಡೆ ಕಡೆಯೂ ತಿರುಗುವುದಿಲ್ಲ. ಅಭ್ಯಾಸಬಲ, ಸಂತೆಯಿಂದ ವೀಳ್ಯದೆಲೆಯ ಕಟ್ಟು ತರುವುದನ್ನು ಬಿಡಲಾಗಲಿಲ್ಲ. ಹಾಳಾಗದಿರಲಿ ಎಂದು ನಾನೇ ಹಾಕಿಕೊಂಡೆ. ದಿನಾ ಮದುವೆ ಮನೆಯಿಂದ ಬಂದವಳ ಹಾಗೆ ಬಾಯಿ ಕೆಂಪಗಿರುತ್ತಿತ್ತು.

ಒಂದು ಬೆಳಿಗ್ಗೆ ಸುಧಾಳ ಅಂಗಡಿಗೆ ಹೋಗಿ, ಒಂದು ಕೆಲಸ ಹಾಕು ಎಂದೆ. ಅರಸೀಕೆರೆ, ನಮ್ಮ ಮನೆ, ಮಧ್ಯಾಹ್ನದ ಊಟ.

"ಎಷ್ಟು ಎಲೆ ಅಜ್ಜಿ?"

"ಒಂದು."

ಅವಳು ನನ್ನ ಮುಖ ನೋಡಿ, ಮತ್ತೆ ಕಂಪ್ಯೂಟರಿನ ಮುಖ ನೋಡಿದಳು. ಐವತ್ತಕ್ಕಿಂತ ಕಡಿಮೆ ಹಾಕಿದರೆ ಅದು ಒಪ್ಪುವುದಿಲ್ಲವಂತೆ. ಹಾಗಾದರೆ ಐವತ್ತೇ ಹಾಕು, ವೀಳ್ಯ ಕೈಗೇ ಕೊಡುತ್ತೇವೆ ಅಂತಲೂ ಹಾಕು ಎಂದೆ.

ಬಂದವಳು ಪುಟ್ಟತಾಯಿ. ದೊಡ್ಡ ಸೌಟನ್ನು ಚೀಲದಲ್ಲಿ ಸಿಕ್ಕಿಸಿಕೊಂಡು ಬಂದಿದ್ದಳು. ಪಾತ್ರೆ ಎಲ್ಲಿ, ಸೌದೆ ಎಲ್ಲಿ, ಏನು ಕಾರ್ಯ ಎಂದು ಮನೆಯೆಲ್ಲ ಇಣುಕಿದಳು. ಕಾರ್ಯ ಏನೂ ಇಲ್ಲ, ಎಲೆಯೂ ಒಂದೇ ಎಂದೆ.

"ಇದಕ್ಕೆ ಹಗರೆಯಿಂದ ಬಸ್ಸಲ್ಲಿ ನಿಂತ್ಕೊಂಡ್ ಬಂದ್ನಾ?" ಎಂದು ಸೌಟನ್ನು ನೆಲಕ್ಕಿಟ್ಟಳು. ಆಮೇಲೆ, "ಒಂದ್ ಎಲೆಗೆ ಉಪ್ಪು ಎಷ್ಟು ಅಂತ ನಂಗೂ ಗೊತ್ತಿಲ್ಲ ಕಣಕ್ಕ. ಮನೇಲಿ ದಿನಾ ಚೆಲ್ತೀನಿ," ಎಂದಳು.

ಇಬ್ಬರೂ ಸೇರಿ ಮಾಡಿದೆವು. ಉಪ್ಪು ಜಾಸ್ತಿಯಾಯಿತು. ಅದಕ್ಕೆ ನೀರು, ನೀರಿಗೆ ಬೇಳೆ, ಬೇಳೆಗೆ ಹುಣಸೆ ಎಂದು ಸರಿಮಾಡುತ್ತ ಹೋಗಿ ಒಂದು ಪಂಕ್ತಿಗಾಗುವಷ್ಟು ಸಾರಾಯಿತು. ಉಂಡೆವು, ಒಬ್ಬರನ್ನೊಬ್ಬರು ಬೈದೆವು. ಸಂಜೆ ಬಸ್ಸಿಗೆ ಹೊರಟಾಗ ತಟ್ಟೆಯಲ್ಲಿ ವೀಳ್ಯ ಇಟ್ಟು ಮುಂದೆ ಹಿಡಿದೆ. ಕೆಲಸ ಮುಗಿದ ಮೇಲೆ ಕೊಡುವ ವೀಳ್ಯ ಎಲ್ಲಾದರೂ ಉಂಟೇ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಎಲೆ, ಅಡಿಕೆ ಸೆರಗಿಗೆ ಕಟ್ಟಿಕೊಂಡು ಹೋದಳು. ಯಾವ ದಿನಕ್ಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಕೆಲಸ ಇನ್ನೂ ಬೋರ್ಡಿನಲ್ಲೇ ಇದೆಯಂತೆ. ಮುಗಿಯಿತು ಎಂದು ಹಾಕಿ ತೆಗೆದುಬಿಡಲೇ ಎಂದು ಸುಧಾ ಮೊನ್ನೆ ಕೇಳಿದಳು. ವೀಳ್ಯ ಹಿಡಿದವಳು ಇನ್ನೂ ಬರುವುದಿದೆ, ಇರಲಿ ಎಂದೆ.