ಬಂದೂಕಿನ ಎರಡನೇ ನೊಣ

ಇವತ್ತು ಕಡೂರಿನ ಕಣ್ಣಿನ ಡಾಕ್ಟರು, "ಕಣ್ಮುಂದೆ ನೊಣ ಹಾರಿದಂಗೆ ಆಗುತ್ತಾ?" ಎಂದು ಕೇಳಿದ್ದೇ ತಡ, ಮನಸ್ಸಿನಲ್ಲಿ ನಾನು ಚಿಕ್ಕಂದಿನ ಅಜ್ಜಂಪುರದ ಕೆರೆ ಏರಿಯ ಕೆಳಗಿದ್ದೆ.

ಸೈನ್ಯದಲ್ಲಿದ್ದ ನಮ್ಮಜ್ಜನ ಹಳೇ ಮಿಲಿಟರಿ ರೈಫಲ್ಲು ಗುರಿ ತಪ್ಪತೊಡಗಿತ್ತು. ಸರಿಹೋಗದಿದ್ದರೆ ಅದನ್ನು ಠಾಣೆಗೆ ಒಪ್ಪಿಸಬೇಕೆಂದು ಅಜ್ಜಿ ಹಠ ಹಿಡಿದಿದ್ದಳು. ಅಜ್ಜ ತರೀಕೆರೆಯಿಂದ ಬಂದೂಕು ರಿಪೇರಿಯ ಸಾಬರನ್ನು ಕರೆಸಿದರು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಪುಟ್ಟ ಮೊನೆಗೆ ಸಾಬರು 'ಮಕ್ಖಿ' ಅನ್ನುತ್ತಿದ್ದರು. ಅಂದರೆ ನೊಣ. ಏರಿಗೆ ಒರಗಿಸಿದ್ದ ಮಡಕೆಗೆ ಅಜ್ಜ ಹೊಡೆದ ಮೊದಲ ಗುಂಡು ಬಲಕ್ಕೆ ಹೋಯಿತು.

"ಗುಂಡು ಬಲಕ್ಕೋಯ್ತಲ್ಲ ಗೌಡ್ರೇ, ನೊಣಾನೂ ಬಲಕ್ಕೇ ತಳ್ಬೇಕು" ಎಂದು ಸಾಬರು ಅದನ್ನು ಮೆಲ್ಲಗೆ ತಟ್ಟಿದರು.

ತಪ್ಪಿದ ಕಡೆಗೇ ತಳ್ಳಿದರೆ ಸರಿಹೋಗುವುದು ಹೇಗೆ? ನನಗೆ ತಲೆಬುಡ ತಿಳಿಯಲಿಲ್ಲ. ಅಜ್ಜ ಮತ್ತೆ ಹೊಡೆದರು. ಈ ಸಲ ಎಡಕ್ಕೆ ಹೋಯಿತು.

"ನಿಮ್ ನೊಣ ಒಂದಲ್ಲ ಕಣ್ರೀ ಸಾಬ್ರೇ, ಇನ್ನೊಂದು ಅಡ್ಡಡ್ಡ ಬತ್ತದೆ!" ಎಂದು ಅಜ್ಜ ರೇಗಿದರು.

"ನಾನ್ ಕೂರ್ಸಿರೋದು ಒಂದೇ" ಎಂದ ಸಾಬರು ತಾವೇ ಹೊಡೆದರು. ಮಡಕೆ ಚೂರಾಯಿತು.

ಅಜ್ಜ ಕಣ್ಣುಜ್ಜಿಕೊಂಡರು. ನಾನು ಬಂದೂಕಿನ ಉದ್ದಕ್ಕೂ ಇನ್ನೊಂದು ನೊಣ ಹುಡುಕಿದೆ. ಇರಲಿಲ್ಲ. ಮಾರನೇ ದಿನ ಅಜ್ಜ ತಾವೇ ಹೋಗಿ ಅದನ್ನು ಠಾಣೆಗೆ ಒಪ್ಪಿಸಿಬಂದರು. ಸರಿಹೋದ ಬಂದೂಕನ್ನು ಯಾಕೆ ಕೊಟ್ಟರೋ, ಆಗ ಅರ್ಥವಾಗಲಿಲ್ಲ.

"ಹಾರುತ್ತೆ ಡಾಕ್ಟ್ರೇ," ಅಂದೆ. "ಎರಡನೇ ನೊಣ ಈಗ ಸಿಕ್ತು."

ಡಾಕ್ಟರು ಗಲಿಬಿಲಿಗೊಂಡು ಟಾರ್ಚ್ ಎತ್ತಿದರು. "ಮೊದಲನೇದು ಎಲ್ಲಿದೆ?"