ಸಂಪಿನೊಳಗಿನ ಅಳು

ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ಅವರ ದನಿಯಲ್ಲೇ ಅವರನ್ನು ಅಣಕಿಸಿ ಓಡಿಸುತ್ತಿದ್ದವನು ನಾನು. ಜಕ್ಕೂರಿನ ನಮ್ಮ ಬೀದಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಕನ್ನಡಿ ಮುಂದೆ ನಿಂತರೆ ನನ್ನನ್ನೂ ಬಿಡುವುದಿಲ್ಲ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಅಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಹೆರಿಗೆಯಾದ ಕೆಲವೇ ದಿನಕ್ಕೆ ಅವಳ ನಿದ್ದೆ ಹೋಯಿತು. ಮಗು ತೊಟ್ಟಿಲಲ್ಲಿ ಸುಖವಾಗಿ ಮಲಗಿದ್ದರೂ "ಅಳ್ತಾ ಇದೆ, ಅಳ್ತಾ ಇದೆ" ಎಂದು ಮನೆಯೆಲ್ಲ ಹುಡುಕುತ್ತಿದ್ದಳು.

"ಬಾಣಂತಿ ಕಿವೀಗೆ ಗಾಳಿ ಒಕ್ಕೊಂಡೈತೆ" ಅಂದಳು ಅಜ್ಜಿ. ಕಿವಿಗೆ ಇನ್ನಷ್ಟು ಹತ್ತಿ ತುರುಕಿ, ತಲೆಬಟ್ಟೆ ಬಿಗಿದು, ಸಾಂಬ್ರಾಣಿ ಹಾಕಿದಳು. ಅಮ್ಮನ ಅನುಮಾನ ನನ್ನ ಮೇಲೆ. "ಲೋ, ಮಗು ತರ ಅಳೋದು ನೀನೇ ತಾನೆ? ನಿಲ್ಸೋ ನಿನ್ ಮಂಗಾಟ!" ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಹುಚ್ಚಿ ಅನ್ನೋ ಹೆಸ್ರು ಬಂದ್ರೆ ಅಳಿಯಂದ್ರಿಗೆ ಏನ್ ಹೇಳ್ಲಿ?" ಇಷ್ಟು ಜನ ಇರುವ ಮನೆಯಲ್ಲಿ ಬುದ್ಧಿ ಇದ್ದದ್ದು ತೊಟ್ಟಿಲಲ್ಲಿದ್ದ ಕೂಸಿಗೆ ಮಾತ್ರ.

ಒಂದು ಮಧ್ಯಾಹ್ನ ಅಂಗಳದಲ್ಲಿ ಕಬ್ಬಿಣ ಎಳೆದ ಸದ್ದಾಯಿತು. ಹೋಗಿ ನೋಡಿದರೆ ಅಕ್ಕ ನೀರಿನ ಸಂಪಿನ ಮುಚ್ಚಳ ಸರಿಸಿ ಒಂದು ಕಾಲು ಒಳಗಿಟ್ಟಿದ್ದಳು.

"ಬಿಡೋ, ಮಗು ಒಳಗಿದೆ ಕಣೋ!"

ರಟ್ಟೆ ಹಿಡಿದು ಎಳೆದೆ. ಎಳೆಯುವಾಗ ನನಗೂ ಕೇಳಿಸಿತು. ಸಂಪಿನ ಒಳಗಿನಿಂದ, ಉಸಿರು ಕಟ್ಟಿ ಕಟ್ಟಿ ಅಳುವ ಹಸುಗೂಸಿನ ದನಿ. ಬಗ್ಗಿ ನೋಡಿದೆ. ಬರೀ ನೀರು. ಅವಳನ್ನು ದರದರ ಎಳೆದುಕೊಂಡು ಮನೆಯೊಳಗೆ ಬಂದರೆ ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು.

ತಕ್ಷಣ ಆಟೋ ತಂದು ಅಕ್ಕನನ್ನು ಹೆಬ್ಬಾಳದ ಒಬ್ಬ ಮನೋವೈದ್ಯೆಯ ಹತ್ತಿರ ಕರೆದೊಯ್ದೆ. ಮಗುವನ್ನೆತ್ತಿಕೊಂಡು ಅಮ್ಮ ಗೊಣಗುತ್ತಲೇ ಬಂದಳು. ಅಲ್ಲಿ ನಾನು ಸಂಪಿನ ವಿಷಯ ಹೇಳುತ್ತಿದ್ದಂತೆ ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಇವನಿಗೂ ಕೇಳಿಸ್ತು, ಬೇಕಾದ್ರೆ ಕೇಳಿ."

"ಹೂಂ, ಕೇಳಿಸ್ತು" ಅಂದೆ.

ಅಮ್ಮ ಎದ್ದೇಬಿಟ್ಟಳು. "ನೋಡಿದ್ರಾ ಡಾಕ್ಟ್ರೇ, ಗಾಳೀನೇ ಇದು! ನಡೀರಿ ಮನೆಗೆ."

ತಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಡಾಕ್ಟರು ಅಮ್ಮನನ್ನು ಕೂರಿಸಿದರು. "ನಿಮ್ಮ ಮಗನಿಗೆ ಏನ್ ಬೇಕಾದ್ರೂ ಕೇಳಿಸಿರ್ಲಿ ಅಮ್ಮಾ. ನಿಮ್ಮ ಮಗಳು ಸಂಪಿಗೆ ಇಳೀತಿದ್ರು. ಇದು ಹೆರಿಗೆ ಆದ್ಮೇಲೆ ಕೆಲವರಿಗೆ ಬರೋ ಕಾಯಿಲೆ. ವಾಸಿಯಾಗುತ್ತೆ, ಆದ್ರೆ ಇವತ್ತೇ ಅಡ್ಮಿಟ್ ಮಾಡ್ಬೇಕು."

ತಿಂಗಳುಗಟ್ಟಲೆ ಹಿಡಿಯಿತು, ಆದರೆ ವಾಸಿಯಾಯಿತು. ಈಗ ಅಕ್ಕ ಮಗನ ಹಿಂದೆ ಓಡಾಡಿ ಅನ್ನ ತಿನ್ನಿಸುತ್ತಾಳೆ. ಮೊನ್ನೆ ತುತ್ತು ಕಲಸುತ್ತಾ ಕೇಳಿದಳು: "ನಂಗೆ ಕಾಯಿಲೆ ಇತ್ತು, ಕೇಳಿಸ್ತು. ನಿಂಗೇನಾಗಿತ್ತೋ?"

ಬೆಕ್ಕಿರಬೇಕು ಅಂದೆ. ಅವಳು ನಂಬಲಿಲ್ಲ. ನಾನೂ ನಂಬಿಲ್ಲ.