ದುರ್ಬೀನಿನ ಹಿಂದುಗಡೆ

ಹಕ್ಕಿ ನೋಡುವವರದು ಬಹಳ ಸೂಕ್ಷ್ಮದೃಷ್ಟಿ ಎಂದು ನೀವು ತಿಳಿದಿದ್ದರೆ ದಯವಿಟ್ಟು ಹಾಗೆಯೇ ತಿಳಿದಿರಿ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ, ಅದರಿಂದ ತುಂಬ ಸುಖಿಯಾಗಿಯೂ ಇದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಕಾರ್ಕಳದ ಹೈಸ್ಕೂಲೊಂದರಲ್ಲಿ ಭೂಗೋಳದ ಮಾಸ್ತರು. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಬೊಂಬಾಯಿಯ ಹೋಟೆಲಿನಲ್ಲಿದ್ದ ಭಾವ ಒಮ್ಮೆ ಊರಿಗೆ ಬಂದಾಗ ಹಳೆಯ ದುರ್ಬೀನೊಂದನ್ನು ತಂದುಕೊಟ್ಟ. ಯುದ್ಧದಲ್ಲಿ ಶತ್ರುಗಳನ್ನು ನೋಡಿದ ದುರ್ಬೀನು ಎಂದು ಅವನ ಅಂಬೋಣ. ನನಗಿದ್ದ ಶತ್ರು ಹೆಡ್ಮಾಸ್ತರರು ಒಬ್ಬರೇ, ಅವರನ್ನು ನೋಡಲು ದುರ್ಬೀನು ಬೇಕಿರಲಿಲ್ಲ. ಹಾಗಾಗಿ ಹಕ್ಕಿ ನೋಡತೊಡಗಿದೆ.

ದೀಪಾವಳಿ ಕಳೆದು ಬೆಳಗ್ಗೆ ಮಂಜು ಬೀಳುವ ಹೊತ್ತಿಗೆ ಆನೆಕೆರೆಗೆ ಸೂಜಿಬಾಲದ ಬಾತುಗಳು ಬರುತ್ತಿದ್ದವು. ಹಿಮಾಲಯವನ್ನು ದಾಟಿ ಬರುವ ಜೀವಗಳು! ಅವುಗಳ ದಾರಿಯನ್ನು ಮಕ್ಕಳಿಗೆ ನಕ್ಷೆಯಲ್ಲಿ ತೋರಿಸುತ್ತಿದ್ದ ನಾನು ದಾಟಿದ್ದು ಹೆಚ್ಚೆಂದರೆ ಹೆಜಮಾಡಿಯ ಹೊಳೆ, ಅದೂ ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡು. ಪ್ರತಿ ಭಾನುವಾರ ಕೆರೆಯ ದಂಡೆಯಲ್ಲಿ ಕುಳಿತು ಬಂದವರ ಹಾಜರಿ ಹಾಕುತ್ತಿದ್ದೆ. ಈ ವಿದ್ಯೆಯ ಗುಟ್ಟು ಇಷ್ಟೇ: ನೋಡುತ್ತಿದ್ದೇವೆ ಎಂದು ನೋಡಿಸಿಕೊಳ್ಳುವವರಿಗೆ ತಿಳಿಯಬಾರದು.

ಆಗ ನನಗೆ ಕಾಪುವಿನ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಆ ಹುಡುಗಿಯನ್ನು ಉಡುಪಿಯಲ್ಲಿ ಒಂದು ಮದುವೆಮನೆಯಲ್ಲಿ ಕಂಡಿದ್ದೆ. ಕಂಡ ದಿನವೇ, ಮದುವೆಯಾದರೆ ಅವಳನ್ನೇ, ಇಲ್ಲದಿದ್ದರೆ ಯಾರೂ ಬೇಡ ಎಂದು ಅಮ್ಮನಲ್ಲಿ ಹೇಳಿಬಿಟ್ಟಿದ್ದೆ. ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಹುಡುಗಿಯ ಸೋದರಮಾವನದೇ ಕೊನೆಯ ಮಾತು. ಅವನು ಹೇಳದೆ ಕೇಳದೆ ಬಂದು, ಗಂಡು ಹೇಗೆಂದು ನೋಡಿಕೊಂಡು ಹೋಗುವುದು ವಾಡಿಕೆ.

ಒಂದು ಭಾನುವಾರ ದಂಡೆಯಲ್ಲಿ ಯಾರೋ ಬಂದು ನನ್ನ ಪಕ್ಕ ಕುಳಿತರು.

"ಎಂತ ನೋಡುವುದು ಮಾಸ್ಟ್ರೇ?"

"ಶ್! ಮಾತಾಡಬೇಡಿ, ಹಾರಿಹೋಗುತ್ತವೆ" ಎಂದೆ, ದುರ್ಬೀನು ಇಳಿಸದೆ.

ಅವರು ಒಂದು ತಾಸು ಸುಮ್ಮನೆ ಕುಳಿತು ಎದ್ದುಹೋದರು. ಅವರಿಗೆ ಮೀಸೆಯಿತ್ತೇ ಎಂದು ಕೇಳಿದರೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಬಾತುಗಳು ಹನ್ನೊಂದು ಇದ್ದವು.

ಮರುವಾರ ಮದುವೆ ದಲಾಲಿ ಶೀನಣ್ಣ ಗೇಟಿನಲ್ಲೇ ನಿಂತು ಹೇಳಿದ: "ಸಂಬಂಧ ಆಗುವುದಿಲ್ಲವಂತೆ ಮಾರಾಯ. ಕೆರೆಯ ಬದಿಯಲ್ಲಿ ಕೂತದ್ದು ಹುಡುಗಿಯ ಮಾವನೇ."

"ಶ್ ಅಂದದ್ದಕ್ಕೆ ಸಿಟ್ಟು ಬಂತಾ?"

"ಅದಕ್ಕಲ್ಲ. ಅಲ್ಲಿಂದ ನಿಮ್ಮ ಮನೆಗೂ ಬಂದಿದ್ದರು. ನಿನ್ನ ಅಮ್ಮ ಕಾಫಿಯನ್ನು ಲೋಟದ ಹೊರಗೆ ಸುರಿದರಂತೆ, ಮಗನಿಗೆ ಹೇಳಬೇಡಿ ಅಂದರಂತೆ. ಅಮ್ಮನಿಗೆ ಕಣ್ಣು ಕಾಣುವುದಿಲ್ಲ, ಮಗನಿಗೆ ಅದು ಗೊತ್ತೇ ಇಲ್ಲ, ನಾಳೆ ನಮ್ಮ ಹುಡುಗಿ ಜ್ವರ ಬಂದು ಮಲಗಿದರೆ ನೋಡುವವರು ಯಾರು ಅಂತ ಕೇಳಿದರು. ನಾನು ಎಂತ ಹೇಳಲಿ?"

ನನಗೆ ಕೆಟ್ಟ ಸಿಟ್ಟು ಬಂತು. ಆ ಮಾವನಿಗೆ ಕೊಡಬೇಕಾದ ಉತ್ತರಗಳನ್ನು ಜೋಡಿಸಿಕೊಳ್ಳುತ್ತ ಒಳಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಬೆರಳುಗಳು ಒಂದೊಂದೇ ಕಲ್ಲನ್ನು ಸವರಿ ಹುಡುಕುತ್ತಿದ್ದವು, ಕಣ್ಣು ಗೋಡೆಯ ಕಡೆಗಿತ್ತು. ಎಷ್ಟು ಹೊತ್ತು ನಿಂತು ನೋಡಿದೆನೋ. ನಾಚಿಕೆಯಿಂದ ನನ್ನ ಉತ್ತರಗಳೆಲ್ಲ ಮರೆತುಹೋದವು.

ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ಸಮಯದಿಂದ ಹೀಗೆ ಎಂದು ಡಾಕ್ಟರು ನನ್ನನ್ನು ಕೇಳಿದರು. ಬಾತುಗಳು ಬಂದಿಳಿದ ದಿನವನ್ನು ಥಟ್ಟನೆ ಹೇಳಬಲ್ಲ ನಾನು ಅಮ್ಮನ ಮುಖ ನೋಡಿದೆ.

"ಎರಡು ದೀಪಾವಳಿ ಆಯಿತು" ಎಂದಳು ಅಮ್ಮ. "ಇವನಿಗೆ ರಜೆ ಅಂತ ಇರುವುದು ಒಂದು ಭಾನುವಾರ. ಹಕ್ಕಿ ನೋಡಲಿಕ್ಕೆ ಉಂಟಲ್ಲ, ಹಾಗೆ ಹೇಳಲಿಲ್ಲ."

ಕಾಪುವಿನ ಹುಡುಗಿ ಉದ್ಯಾವರಕ್ಕೆ ಮದುವೆಯಾಗಿ ಹೋದಳು. ನನಗೆ ಬಹಳ ದುಃಖವಾಯಿತು, ಆದರೆ ಆ ಮಾವನ ಲೆಕ್ಕ ತಪ್ಪೆಂದು ಹೇಳುವ ಮುಖ ನನಗಿರಲಿಲ್ಲ.

ಆಪರೇಷನ್ ಆಗಿ, ದಪ್ಪ ಗಾಜಿನ ಕನ್ನಡಕ ಬಂದ ದಿನ ಅಮ್ಮ ನನ್ನನ್ನು ಜಗಲಿಯ ಬೆಳಕಿನಲ್ಲಿ ನಿಲ್ಲಿಸಿಕೊಂಡು ನೋಡಿದಳು. "ತಲೆಯಲ್ಲಿ ಬಿಳಿ ಕೂದಲು ಬಂತಲ್ಲ ಮಗಾ" ಎಂದಳು. ಅವಳು ನನ್ನ ಮುಖವನ್ನು ಸರಿಯಾಗಿ ಕಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಒಂದು ದಿನವೂ ನನ್ನ ಸಾರಿಗೆ ಉಪ್ಪು ಹೆಚ್ಚಾಗಿರಲಿಲ್ಲ, ಶಾಲೆಗೆ ಹಾಕಿಕೊಂಡು ಹೋಗುವ ಅಂಗಿಯಲ್ಲಿ ಒಂದು ಗುಂಡಿಯೂ ಕಡಿಮೆಯಾಗಿರಲಿಲ್ಲ. ಸೂಜಿಗೆ ದಾರ ಯಾರ ಕೈಯಿಂದ ಪೋಣಿಸಿಕೊಳ್ಳುತ್ತಿದ್ದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ.